ಆರು ವರ್ಷ ಫ್ರೀಫೈಲ್‌ಸಿಂಕ್ ಬಳಸಿದ ಮೇಲೆ: ಗಂಗೆ, ಗೌರಿ ಮತ್ತು ನನ್ನ ಬ್ಯಾಕಪ್

ನಮ್ಮನೆಯಲ್ಲಿ ಆಯುಧಪೂಜೆಯ ದಿನ ಸ್ಕೂಟರ್, ಹೊಲಿಗೆ ಮೆಷಿನ್, ಈಳಿಗೆಮಣೆಯ ಸಾಲಿನಲ್ಲಿ ಒಂದು ಕಪ್ಪು ಹಾರ್ಡ್ ಡಿಸ್ಕೂ ಕೂರುತ್ತದೆ. ಅಮ್ಮ ಅದಕ್ಕೂ ಕುಂಕುಮ ಇಡುತ್ತಾರೆ. ಮೊದಲ ವರ್ಷ ಕುಂಕುಮ ಸರಿಯಾಗಿ ಕೇಬಲ್ ಚುಚ್ಚುವ ಕಿಂಡಿಗೇ ಬಿದ್ದಿತ್ತು. ಹಳೇ ಟೂತ್‌ಬ್ರಶ್ ಹಿಡಿದು ಅರ್ಧ ಗಂಟೆ ಉಜ್ಜಿದೆ. ಈಗ ಬೆನ್ನಿನ ಮೇಲೆ ಮಾತ್ರ ಇಡಬೇಕು ಅಂತ ಒಪ್ಪಂದವಾಗಿದೆ.

ಪೂಜೆ ಮುಗಿದು ಮಂಗಳಾರತಿ ಆದ ಮೇಲೆ ಆ ಡಿಸ್ಕ್‌ನಿಂದ ಹತ್ತು ಫೈಲ್ ತೆಗೆದು ತೆರೆದು ನೋಡುತ್ತೇನೆ. ಯಾವುದೋ ಒಂದು ಫೋಟೊ, ಒಂದು ವಿಡಿಯೊ, ಒಂದು ಮನೆ ಪತ್ರದ ಸ್ಕ್ಯಾನ್. ತೆರೆದರೆ ಸರಿ. ಫೈಲ್‌ಗಳ ಇನ್ನೊಂದು ಪ್ರತಿ ಮಾಡಿಡುವ, ಅಂದರೆ ಬ್ಯಾಕಪ್‌ನ ಈ ಕೆಲಸಕ್ಕೆಲ್ಲ ನಾನು ನೆಚ್ಚಿಕೊಂಡಿರುವುದು ಫ್ರೀಫೈಲ್‌ಸಿಂಕ್ ಎಂಬ ಉಚಿತ ಸಾಫ್ಟ್‌ವೇರ್. 2019ರ ಶುರುವಿನಿಂದ ಬಳಸುತ್ತಿದ್ದೇನೆ. ಎರಡು ದಿನ ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಇದು ಆರು ವರ್ಷದ್ದು.

ಶುರು ಮಾಡಿದ್ದು ಬುದ್ಧಿ ಬಂದು ಅಲ್ಲ, ಪೆಟ್ಟು ಬಿದ್ದು. 2018ರ ಡಿಸೆಂಬರ್‌ನಲ್ಲಿ ನನ್ನ ಒಂದು ಟಿಬಿಯ ಪೋರ್ಟಬಲ್ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಬಿದ್ದಿದ್ದು ಮೊಣಕಾಲೆತ್ತರದಿಂದ, ಅಷ್ಟೇ. ಮತ್ತೆ ಚುಚ್ಚಿದಾಗ ಟಿಕ್, ಟಿಕ್, ಟಿಕ್ ಅಂತ ಗೋಡೆ ಗಡಿಯಾರದ ಹಾಗೆ ಸದ್ದು. ಡಿಸ್ಕ್ ತಿರುಗುತ್ತಿರುವಾಗ ಬಿದ್ದರೆ ಒಳಗಿನ ಹೆಡ್ ತಟ್ಟೆಗೆ ಉಜ್ಜಿಬಿಡುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು. ಅದರಲ್ಲಿ ಒಂಬತ್ತು ವರ್ಷದ ಫೋಟೊಗಳಿದ್ದವು. ಜೊತೆಗೆ ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗ್. ಹನ್ನೊಂದು ನಿಮಿಷದ್ದು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ನನ್ನ ಹತ್ತಿರ ‘ಬ್ಯಾಕಪ್ ಇದೆ’ ಎಂದೇ ನಾನು ಅಂದುಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಎಲ್ಲವನ್ನೂ ಆ ಡಿಸ್ಕ್‌ಗೆ ಸಾಗಿಸಿ, ಲ್ಯಾಪ್‌ಟಾಪ್‌ನಿಂದ ಅಳಿಸಿದ್ದೆ. ಅದು ಬ್ಯಾಕಪ್ ಅಲ್ಲ, ಸುಮ್ನೆ ಮನೆ ಬದಲಾಯಿಸಿದ್ದು. ಒಂದೇ ಪ್ರತಿ ಇದ್ದರೆ ಅದು ಎಲ್ಲೇ ಇರಲಿ, ಒಂದೇ ಪ್ರತಿ. ನಾನು ಕಂಡ ಹಾಗೆ ಹತ್ತರಲ್ಲಿ ಎಂಟು ಜನ ಹೀಗೇ ಮಾಡುತ್ತಾರೆ.

ಫೈಲ್ ಹೊರತೆಗೆಸಲು ಆ ಡಿಸ್ಕನ್ನು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಗೆ ಕೊಟ್ಟೆ. ಇಪ್ಪತ್ತೆರಡು ಸಾವಿರ ಆಯಿತು. ಒಂದು ತಿಂಗಳಾದ ಮೇಲೆ ಸುಮಾರು ಅರ್ಧ ಸಿಕ್ಕಿತು. ಫೋಲ್ಡರ್ ಇಲ್ಲ, ಹೆಸರಿಲ್ಲ, ತಾರೀಖಿಲ್ಲ. ಎಲ್ಲಕ್ಕೂ ಬರೀ ನಂಬರು. ಸಾವಿರಾರು ಫೈಲ್‌ಗಳ ಆ ರಾಶಿಯಲ್ಲಿ ಒಂದೊಂದೇ ಆಡಿಯೊ ತೆರೆದು ಕೇಳುತ್ತ ಕೂತೆ. ಅಜ್ಜಿಯ ಪದ ನಲವತ್ತು ಸೆಕೆಂಡು ಸಿಕ್ಕಿತು. ಅದರಲ್ಲೂ ಮೊದಲ ಹತ್ತು ಸೆಕೆಂಡು ‘ಶುರು ಮಾಡ್ಲಾ?’ ಅಂತ ಕೇಳುವುದೇ.

ಇನ್ನು ಸಾಫ್ಟ್‌ವೇರ್ ವಿಷಯ. ಫ್ರೀಫೈಲ್‌ಸಿಂಕ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಓಪನ್ ಸೋರ್ಸ್, ಅಂದರೆ ಅದರ ಮೂಲ ಕೋಡನ್ನು ಯಾರು ಬೇಕಾದರೂ ನೋಡಬಹುದು. ಸ್ವಂತ ಬಳಕೆಗೆ ಕಾಸು ಕೊಡಬೇಕಿಲ್ಲ. ದೇಣಿಗೆ ಕೊಟ್ಟವರಿಗೆ ಕೆಲವು ಹೆಚ್ಚುವರಿ ಸೌಲಭ್ಯ ಸಿಗುತ್ತದೆ. ತೆರೆದರೆ ಎಡಗಡೆ ಒಂದು ಪಟ್ಟಿ, ಬಲಗಡೆ ಒಂದು ಪಟ್ಟಿ. ಎಡಕ್ಕೆ ಲ್ಯಾಪ್‌ಟಾಪ್‌ನ ಫೋಲ್ಡರ್, ಬಲಕ್ಕೆ ಡಿಸ್ಕ್‌ನ ಫೋಲ್ಡರ್. ‘ಕಂಪೇರ್’ ಒತ್ತಿದರೆ ಎರಡರ ನಡುವಿನ ವ್ಯತ್ಯಾಸ ತೋರಿಸುತ್ತದೆ. ‘ಸಿಂಕ್ರೊನೈಸ್’ ಒತ್ತಿದರೆ ಬದಲಾದ ಫೈಲ್‌ಗಳು ಮಾತ್ರ ಹೋಗುತ್ತವೆ. ಮೊದಲ ಸಲ ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಪ್ರತಿ ಸಲ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಗಿದಿರುತ್ತದೆ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದೇ. ಡಿಸ್ಕ್‌ನಲ್ಲಿ ಫೈಲ್‌ಗಳು ಇದ್ದ ಹಾಗೇ ಇರುತ್ತವೆ. ಗಂಟು ಕಟ್ಟಿ ತನ್ನದೇ ರೂಪದಲ್ಲಿ ಬಚ್ಚಿಡುವುದಿಲ್ಲ. ನಾಳೆ ಈ ಸಾಫ್ಟ್‌ವೇರೇ ಇಲ್ಲದಿದ್ದರೂ ಡಿಸ್ಕನ್ನು ಯಾರ ಕಂಪ್ಯೂಟರ್‌ಗೆ ಬೇಕಾದರೂ ಚುಚ್ಚಿ ಫೋಟೊ ನೋಡಬಹುದು. ನನಗೇನಾದರೂ ಆದರೆ ಮನೆಯವರಿಗೆ ಯಾವ ಪಾಠವೂ ಬೇಕಿಲ್ಲ.

ಆದರೆ ಒಂದು ಕಡೆ ಕಣ್ಣಿಟ್ಟಿರಬೇಕು. ಇದರಲ್ಲಿ ಟು ವೇ, ಮಿರರ್, ಅಪ್‌ಡೇಟ್ ಅಂತ ಬೇರೆ ಬೇರೆ ರೀತಿಗಳಿವೆ. ಬ್ಯಾಕಪ್‌ಗೆ ನಾನು ಬಳಸುವುದು ಮಿರರ್. ಅಂದರೆ ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಎಡಗಡೆ ಅಳಿಸಿದರೆ ಬಲಗಡೆಯೂ ಹೋಗುತ್ತದೆ. ಕನ್ನಡಿ ಅಲ್ವಾ, ಎದುರಿಗಿಲ್ಲದ್ದನ್ನು ಅದೆಲ್ಲಿಂದ ತೋರಿಸೀತು. 2020ರಲ್ಲಿ ಲ್ಯಾಪ್‌ಟಾಪ್ ಚೊಕ್ಕ ಮಾಡುವ ಹುರುಪಿನಲ್ಲಿ ಮನೆ ಕಟ್ಟಿಸಿದ ಲೆಕ್ಕದ ಫೋಲ್ಡರ್ ಅಳಿಸಿಬಿಟ್ಟೆ. ಗಾರೆ, ಸಿಮೆಂಟು, ಬಡಗಿಯ ಕೂಲಿ, ಬಿಲ್ಲುಗಳ ಫೋಟೊ ಎಲ್ಲ ಅದರಲ್ಲಿತ್ತು. ಅದು ಗೊತ್ತಿಲ್ಲದೆ ಅವತ್ತೇ ಸಂಜೆ ಮಿರರ್ ಮಾಡಿದೆ. ಬೇಕು ಅಂತ ಹುಡುಕಿದ್ದು ಮೂರು ವಾರ ಆದ ಮೇಲೆ.

ಪುಣ್ಯಕ್ಕೆ ವರ್ಷನಿಂಗ್ ಹಾಕಿಟ್ಟಿದ್ದೆ. ಹಸಿರು ಹಲ್ಲುಚಕ್ರದ ಗುರುತು ಒತ್ತಿದರೆ ಅಳಿಸಿದ ಫೈಲ್‌ಗಳನ್ನು ಏನು ಮಾಡಬೇಕು ಎಂದು ಕೇಳುವ ಜಾಗ ಬರುತ್ತದೆ. ಅಲ್ಲಿ ವರ್ಷನಿಂಗ್ ಆರಿಸಿ ಒಂದು ಫೋಲ್ಡರ್ ತೋರಿಸಿದರೆ, ಅಳಿಸಿದ್ದು ಮತ್ತು ಹೊಸದು ಬಂದು ಕೂತ ಹಳೆಯದು ಎರಡೂ ಅಲ್ಲಿಗೆ ಹೋಗುತ್ತವೆ. ನನ್ನ ಲೆಕ್ಕದ ಫೋಲ್ಡರ್ ಅಲ್ಲಿ ತಣ್ಣಗೆ ಕೂತಿತ್ತು. ಈ ಸಾಫ್ಟ್‌ವೇರ್ ಹಾಕಿಕೊಳ್ಳುವವರು ಬೇರೆ ಏನನ್ನೂ ಮುಟ್ಟದಿದ್ದರೂ ಇದೊಂದನ್ನು ಮುಟ್ಟಿ. ಅರ್ಧಕ್ಕಿಂತ ಜಾಸ್ತಿ ಫೈಲ್ ಬದಲಾಗುವ ಹಾಗಿದ್ದರೆ, ಸರಿಯಾದ ಫೋಲ್ಡರನ್ನೇ ಆರಿಸಿದ್ದೀರಾ ನೋಡಿ ಎಂದು ಅದೇ ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ಓದದೆ ಸರಿ ಒತ್ತುವ ಚಾಳಿ ಇದ್ದರೆ ಮಾತ್ರ ಯಾರೂ ಕಾಪಾಡಲಾರರು.

ಎರಡು ಡಿಸ್ಕ್‌ಗಳಿಗೆ ಗಂಗೆ, ಗೌರಿ ಎಂದು ಹೆಸರಿಟ್ಟಿದ್ದೇನೆ. ತಮಾಷೆಗೆ ಮಾತ್ರ ಅಲ್ಲ. ವಿಂಡೋಸ್ ಒಂದೇ ಡಿಸ್ಕ್‌ಗೆ ಇವತ್ತು ‘ಇ’ ಎಂದರೆ ನಾಳೆ ‘ಎಫ್’ ಎನ್ನಬಹುದು. ಡಿಸ್ಕ್‌ಗೆ ನಾವಿಟ್ಟ ಹೆಸರನ್ನೇ ಚೌಕ ಬ್ರಾಕೆಟ್‌ನಲ್ಲಿ ಬರೆದರೆ ಫ್ರೀಫೈಲ್‌ಸಿಂಕ್ ಆ ಹೆಸರಿನಿಂದಲೇ ಹುಡುಕಿಕೊಳ್ಳುತ್ತದೆ. ಇದರ ಜೊತೆಗೇ ಬರುವ ರಿಯಲ್‌ಟೈಮ್‌ಸಿಂಕ್ ಬಳಸಿದರೆ ಡಿಸ್ಕ್ ಚುಚ್ಚಿದ ಕೂಡಲೇ ಕೆಲಸ ತಾನಾಗಿ ಶುರುವಾಗುವ ಹಾಗೂ ಮಾಡಬಹುದು. ನಾನು ಮಾಡಿಲ್ಲ. ಏನು ಹೋಗುತ್ತಿದೆ, ಏನು ಅಳಿಯುತ್ತಿದೆ ಎಂಬ ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡುವುದು ನನಗೆ ಇಷ್ಟ. ಕೆಲಸ ಮುಗಿದ ಮೇಲೆ ಡಿಸ್ಕ್ ಬೀರುವಿಗೆ. ಸದಾ ಚುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ವಾನ್ನಾಕ್ರೈ ಸಾಕ್ಷಿ. ಆ ಜಾತಿಯ ಸುಲಿಗೆ ವೈರಸ್‌ಗಳು ಕಂಪ್ಯೂಟರ್‌ಗೆ ತಗಲಿಕೊಂಡಿರುವ ಡಿಸ್ಕ್‌ನ ಫೈಲ್‌ಗಳಿಗೂ ಬೀಗ ಜಡಿಯುತ್ತವೆ.

ಇದರಲ್ಲಿ ಇಲ್ಲದ್ದು ಏನು? ಗುಪ್ತಲಿಪಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಮಾಡುವುದು. ಫೈಲ್‌ಗಳು ಇದ್ದ ಹಾಗೇ ಇರುವುದು ಒಳ್ಳೆಯದು ಎಂದೆ. ಡಿಸ್ಕ್ ಕಳೆದುಹೋದರೆ ಅದೇ ಕೆಟ್ಟದ್ದು. ಆಧಾರ್, ಪ್ಯಾನ್, ಬ್ಯಾಂಕ್ ಕಾಗದಗಳಿಗೆ ನಾನು ವೆರಾಕ್ರಿಪ್ಟ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ಬೀಗದ ಪೆಟ್ಟಿಗೆಯೊಂದನ್ನು ಮಾಡಿಕೊಂಡೆ. ಇಲ್ಲಿ ಒಂದು ಮುಳ್ಳಿದೆ, ಚುಚ್ಚಿಸಿಕೊಂಡೇ ಕಲಿತೆ. ಈ ಪೆಟ್ಟಿಗೆ ಒಂದೇ ದೊಡ್ಡ ಫೈಲ್. ಒಳಗೆ ಏನು ಹಾಕಿದರೂ ಹೊರಗಿನ ಅಳತೆ ಬದಲಾಗುವುದಿಲ್ಲ. ಪೆಟ್ಟಿಗೆ ಯಾವಾಗ ತೆರೆದರು ಎಂದು ಬೇರೆಯವರಿಗೆ ಸುಳಿವು ಸಿಗಬಾರದು ಅಂತ ವೆರಾಕ್ರಿಪ್ಟ್ ಅದರ ತಾರೀಖನ್ನೂ ಹಳೆಯದೇ ಇಡುತ್ತದೆ. ಬೇಕೆಂದೇ ಮಾಡಿದ ವ್ಯವಸ್ಥೆ ಅದು. ಫ್ರೀಫೈಲ್‌ಸಿಂಕ್ ನೋಡುವುದು ತಾರೀಖು ಮತ್ತು ಅಳತೆಯನ್ನು. ಎರಡೂ ಬದಲಾಗಿಲ್ಲ ಎಂದರೆ ಅದರ ಪಾಲಿಗೆ ಫೈಲ್ ಬದಲಾಗಿಲ್ಲ. ಎಂಟು ತಿಂಗಳು ನನ್ನ ಪೆಟ್ಟಿಗೆ ಬ್ಯಾಕಪ್ ಆಗಿರಲೇ ಇಲ್ಲ. ಗೊತ್ತಾಗಿದ್ದು ಆಯುಧಪೂಜೆಯ ದಿನ ತೆರೆದು ನೋಡಿದಾಗ. ವೆರಾಕ್ರಿಪ್ಟ್‌ನ ಪ್ರಿಫರೆನ್ಸಸ್‌ನಲ್ಲಿ ತಾರೀಖು ಕಾಪಾಡುವ ಆ ಟಿಕ್ಕನ್ನು ತೆಗೆದ ಮೇಲೆ ಸರಿಹೋಯಿತು.

ಫೋನಿನ ಕತೆ ಬೇರೆ. ತಿಂಗಳಿಗೊಮ್ಮೆ ಕೇಬಲ್ ಹಾಕಿ ಕ್ಯಾಮೆರಾ ಫೋಟೊಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸುತ್ತೇನೆ. ಗೂಗಲ್ ಫೋಟೋಸ್ ಕೂಡ ಇದೆ. 2021ರ ಜೂನ್ 1ರ ತನಕ ಅಲ್ಲಿ ಲೆಕ್ಕವಿಲ್ಲದಷ್ಟು ಪುಕ್ಕಟೆ ಇಡಬಹುದಿತ್ತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಅದೇ ಲೆಕ್ಕಕ್ಕೆ ಸೇರಿದೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ಕಳಿಸುವ ಬಂಧುಗಳು ಜಾಸ್ತಿ ಇದ್ದವರಿಗೆ ಅದು ಎಷ್ಟು ದಿನ ಬರುತ್ತದೋ ನೀವೇ ಲೆಕ್ಕ ಹಾಕಿ. ಅಲ್ಲಿ ಫೋಟೊ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ ಎನ್ನುವುದನ್ನು ಮರೆಯಬೇಡಿ. ನಾನು ಅದನ್ನು ಮೂರನೇ ಪ್ರತಿ ಎಂದಷ್ಟೇ ಎಣಿಸುತ್ತೇನೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಅಪ್ಪ 2003ರಿಂದ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಬರಹಗಳು ನಮ್ಮಲ್ಲಿವೆ. ಫೈಲ್‌ಗಳನ್ನು ಜೋಪಾನವಾಗಿ ಬ್ಯಾಕಪ್ ಮಾಡಿದ್ದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅಕ್ಷರದ ಬದಲು ಕೊಂಬು, ಚುಕ್ಕಿ, ಬಾಲ ಇರುವ ಇಂಗ್ಲಿಷ್ ಲಿಪಿಯ ಗೋಜಲು. ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಫೈಲ್‌ಗಳಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಕನ್ನಡವಾಗಿ ಕಾಣಿಸುವುದು ಫಾಂಟಿನ ದಯೆಯಿಂದ. ಹಾಗಾಗಿ ಫೈಲ್ ಜೊತೆ ಫಾಂಟನ್ನೂ ಇಡಬೇಕು. ಇನ್ನೂ ಒಳ್ಳೆಯದು ಅಂದರೆ ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಯೊಂದನ್ನು ಪಕ್ಕದಲ್ಲಿಡುವುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಅಪ್ಪ ಅದನ್ನು ತಿದ್ದುವುದನ್ನೇ ಈಗ ಬೆಳಗಿನ ಕೆಲಸ ಮಾಡಿಕೊಂಡಿದ್ದಾರೆ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಅಂತ ಬ್ಯಾಕಪ್‌ಗೆ ಒಂದು ಹಳೇ ಸೂತ್ರ ಇದೆ. ಆ ಹೊರಗಿನ ಪ್ರತಿ ನಮ್ಮಲ್ಲಿ ಹಾಸನದ ಅಕ್ಕನ ಮನೆಯಲ್ಲಿರುತ್ತದೆ. ನಾವಿರುವುದು ಮೈಸೂರಲ್ಲಿ. ಯುಗಾದಿಗೆ ಗೌರಿ ಹೋಗಿ ಗಂಗೆ ಬರುತ್ತಾಳೆ, ಗೌರಿಹಬ್ಬದ ಬಾಗಿನದ ಜೊತೆ ಮತ್ತೆ ಅದಲು ಬದಲು. ಮೊದಲು ‘ಪ್ರತಿ ಮೂರು ತಿಂಗಳಿಗೆ’ ಅಂತ ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಎರಡು ಸಲ ಮಾಡಿದೆ, ಆಮೇಲೆ ಅಲಾರಂ ಒತ್ತಿ ಮಲಗಿದೆ. ಹಬ್ಬವನ್ನು ಹಾಗೆ ಒತ್ತಿ ಮಲಗಲು ಆಗುವುದಿಲ್ಲ, ಅಮ್ಮ ಬಿಡುವುದಿಲ್ಲ. ವೆರಾಕ್ರಿಪ್ಟ್ ಪೆಟ್ಟಿಗೆಯದೊಂದು ಬಿಟ್ಟರೆ, ಆರು ವರ್ಷದಲ್ಲಿ ನನ್ನ ಬ್ಯಾಕಪ್ ತಪ್ಪಿದ್ದರೆ ಅದು ಸಾಫ್ಟ್‌ವೇರ್‌ನಿಂದಲ್ಲ, ನನ್ನ ಸೋಮಾರಿತನದಿಂದ. ಪಂಚಾಂಗಕ್ಕೆ ಕಟ್ಟಿದ ಮೇಲೆ ತಪ್ಪಿಲ್ಲ. 2011ರಿಂದ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಅಂತಲೂ ಮಾಡುತ್ತಾರೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿದ್ದರಿಂದ ಬೇವು ಬೆಲ್ಲದ ಮಾರನೇ ದಿನವೇ ಅದೂ ಬಂತು.

2022ರ ಆಯುಧಪೂಜೆಗೆ ಅಕ್ಕ ಮೈಸೂರಿಗೆ ಬಂದಿದ್ದಳು, ಬರುವಾಗ ಗಂಗೆಯನ್ನೂ ತಂದಳು. ಕುಂಕುಮ ಆಯಿತು, ಚುಚ್ಚಿದೆ. ಖಾಲಿ. ಎರಡು ಟಿಬಿ ಪೂರ್ತಿ ಖಾಲಿ. ಅಕ್ಕನ ಮಗ ಸಿನಿಮಾ ನೋಡಲು ಅದನ್ನು ಟಿವಿಗೆ ಚುಚ್ಚಿದ್ದಾನೆ. ಟಿವಿ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದೆ. ಅವನು ಹೂಂ ಎಂದಿದ್ದಾನೆ. ಹನ್ನೆರಡು ವರ್ಷದ ಹುಡುಗ, ಪಾಪ, ಅಡುಗೆಮನೆ ಬಾಗಿಲ ಹಿಂದೆ ನಿಂತು ಕಣ್ಣೀರು ಹಾಕುತ್ತಿದ್ದ. ಗೌರಿ ಬೀರುವಿನಲ್ಲಿತ್ತು. ಲ್ಯಾಪ್‌ಟಾಪ್‌ನಲ್ಲೂ ಎಲ್ಲ ಇತ್ತು. ಹೋಳಿಗೆ ಊಟ ಮುಗಿಸಿ ಸಂಜೆಯ ತನಕ 600 ಜಿಬಿ ಮತ್ತೆ ತುಂಬಿದೆ. ನಾಲ್ಕು ಗಂಟೆ ಚಿಲ್ಲರೆ ಹಿಡಿಯಿತು. 2018ರಲ್ಲಿ ಇದೇ ಆಗಿದ್ದರೆ ಹಬ್ಬದ ಮನೆ ಏನಾಗಿರುತ್ತಿತ್ತು ಎಂದು ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಖರ್ಚು ಕೇಳುವವರಿಗೆ: ಆಗ ಎರಡು ಟಿಬಿಯ ಒಂದು ಡಿಸ್ಕ್‌ಗೆ ಐದು ಸಾವಿರದ ಆಸುಪಾಸು. ಎರಡು ಸೇರಿದರೂ ಎಸ್.ಪಿ. ರೋಡಿನ ಬಿಲ್ಲಿನ ಅರ್ಧ ಆಗಲಿಲ್ಲ. ಡಿಸ್ಕ್‌ಗಳಿಗೂ ವಯಸ್ಸಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಚಿಕ್ಕ ಸಾಫ್ಟ್‌ವೇರ್‌ನಲ್ಲಿ ವರ್ಷಕ್ಕೊಮ್ಮೆ ನಾಡಿ ನೋಡುತ್ತೇನೆ. ನೀಲಿ ಇದ್ದರೆ ಸರಿ. 2024ರಲ್ಲಿ ಗೌರಿ ಹಳದಿಗೆ ತಿರುಗಿದಳು, ಅಂದರೆ ಡಿಸ್ಕ್‌ನ ಕೆಲವು ಸೆಕ್ಟರ್‌ಗಳು (ಫೈಲ್ ಕೂರುವ ಚಿಕ್ಕ ಚಿಕ್ಕ ಭಾಗಗಳು) ಕೈಕೊಡಲು ಶುರು ಮಾಡಿವೆ. ಇನ್ನೂ ನಡೆಯುತ್ತಿತ್ತು, ಆದರೂ ಕಾಯಲಿಲ್ಲ. ಹೊಸ ಡಿಸ್ಕ್ ತಂದು ಅದಕ್ಕೇ ಗೌರಿ ಎಂದು ಹೆಸರಿಟ್ಟೆ. ಫ್ರೀಫೈಲ್‌ಸಿಂಕ್‌ನಲ್ಲಿ ಏನೂ ಬದಲಾಯಿಸಬೇಕಾಗಲಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ವಾರಕ್ಕೊಮ್ಮೆ ಹತ್ತು ನಿಮಿಷ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ಸಾಕು. ಕಂಪ್ಯೂಟರೇ ಇಲ್ಲ, ಎಲ್ಲ ಫೋನಿನಲ್ಲೇ ಎನ್ನುವವರಿಗೆ ಇದು ಅಲ್ಲ. ಅವರು ಕಾಸು ಕೊಟ್ಟು ಕ್ಲೌಡ್ ತೆಗೆದುಕೊಳ್ಳುವುದೇ ಮೇಲು. ಅಜ್ಜಿಯ ನಲವತ್ತು ಸೆಕೆಂಡು ಈಗ ನಾಲ್ಕು ಕಡೆ ಇದೆ. ಹಾಸನಕ್ಕೆ ಹೋಗುವ ಡಿಸ್ಕ್ ಮೇಲೆ ಅಕ್ಕನ ಮಗ ತಾನೇ ಬಿಳಿ ಪ್ಲಾಸ್ಟರ್ ಅಂಟಿಸಿ ದಪ್ಪ ಮಾರ್ಕರ್‌ನಲ್ಲಿ ಬರೆದಿದ್ದಾನೆ: ‘ಟಿವಿಗೆ ಚುಚ್ಚಬೇಡಿ’.