ಅರ್ಧಚಂದ್ರ ಮೇಜು: ಬಾಗಿಸಲು ಐದು ದಾರಿ, ವೆನೀರ್ ಅಂಟಿಸಲು ನಾಲ್ಕು

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಗೋಡೆಗೆ ತಾಗಿಸಿ ಇಡಲು ಒಂದು ಅರ್ಧಚಂದ್ರ ಮೇಜು ಬೇಕಿತ್ತು. ಅಗಲ ಮೂರಡಿ, ಆಳ ಒಂದೂವರೆ ಅಡಿ. ಮೇಲ್ಹಲಗೆಯ ಮೇಲೆ ಬೀಟೆ ಮರದ ವೆನೀರ್, ಅಂದರೆ ಕಾಗದದ ಹಾಗೆ ತೆಳುವಾದ ಮರದ ಹಾಳೆ, ಸೂರ್ಯನ ಕಿರಣದ ಹಾಗೆ ಎಂಟು ಭಾಗವಾಗಿ ಹರಡಿರಬೇಕು. ಹಲಗೆಯ ಕೆಳಗೆ ಐದಿಂಚು ಎತ್ತರದ ಬಾಗಿದ ಸುತ್ತುಪಟ್ಟಿ, ಅದಕ್ಕೂ ಬೀಟೆ ವೆನೀರ್. ಕಾಲುಗಳು ಸುಲಭ, ಅವುಗಳ ಬಗ್ಗೆ ಏನೂ ಬರೆಯುವುದಿಲ್ಲ. ತಿಂಗಳುಗಟ್ಟಲೆ ಕೂರಿಸಿದ್ದು ಆ ಸುತ್ತುಪಟ್ಟಿ.

ನಾನು ಮೊದಲು ಬಾಗಿಸುವ ವಿಧಾನ ಆರಿಸಿದೆ, ವೆನೀರ್ ಬಗ್ಗೆ ಆಮೇಲೆ ಯೋಚಿಸಿದೆ. ಇದು ಉಲ್ಟಾ. ವೆನೀರ್ ಹಾಳೆ ಅರ್ಧ ಮಿಲಿಮೀಟರ್ ದಪ್ಪ. ಕೆಳಗಿರುವ ತಪ್ಪನ್ನು ಅದು ಮುಚ್ಚುವುದಿಲ್ಲ. ಪಾಲಿಶ್ ಬಿದ್ದ ಮೇಲೆ ಎತ್ತಿ ತೋರಿಸುತ್ತದೆ. ಹಾಗಾಗಿ ಮರ ಚೆನ್ನಾಗಿ ಬಾಗಿತೇ ಅನ್ನುವುದಕ್ಕಿಂತ, ಬಾಗಿದ ಮೈ ವೆನೀರ್ ಹಾಕುವಷ್ಟು ನಯವಾಗಿದೆಯೇ ಅನ್ನುವುದನ್ನೇ ಅಳತೆಗೋಲು ಮಾಡಿಕೊಂಡು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. 18 ಮಿ.ಮೀ. ಪ್ಲೈವುಡ್ ಪಟ್ಟಿಯ ಹಿಂಬದಿಯಲ್ಲಿ ಗರಗಸದಿಂದ ಸಾಲಾಗಿ ಗೀರು ಹಾಕಿ, 2 ಮಿ.ಮೀ. ಮಾತ್ರ ಉಳಿಸಿ ಬಾಗಿಸುವುದು. ಲೆಕ್ಕ ಸುಲಭ. ಅರ್ಧ ವೃತ್ತದಲ್ಲಿ ಒಳಮೈ ಹೊರಮೈಗಿಂತ ಎಷ್ಟು ಗಿಡ್ಡವಾಗಬೇಕೆಂದರೆ, ಕತ್ತರಿಸುವ ಆಳ 16 ಮಿ.ಮೀ. ಗುಣಿಸು 3.14, ಅಂದರೆ ಸುಮಾರು 50 ಮಿ.ಮೀ. ನನ್ನ ಬ್ಲೇಡಿನ ದಪ್ಪ 3 ಮಿ.ಮೀ. ಕನಿಷ್ಠ 17 ಗೀರು ಬೇಕು. ನುಣುಪಾಗಲಿ ಅಂತ ನಾನು 28 ಹಾಕಿದೆ, ಸುಮಾರು ಎರಡಿಂಚಿಗೆ ಒಂದರಂತೆ. ಒಂದು ಮಧ್ಯಾಹ್ನದಲ್ಲಿ ಪಟ್ಟಿ ಬಾಗಿ ನಿಂತಿತು. ಗೀರುಗಳಿಗೆ ಅಂಟು, ಮರದ ಪುಡಿ ತುಂಬಿದೆ. ಕೈಯಾಡಿಸಿದರೆ ಏನೂ ಗೊತ್ತಾಗಲಿಲ್ಲ.

ವೆನೀರ್ ಹಾಕಿ, ಎರಡು ಕೈ ಪಾಲಿಶ್ ಕೊಟ್ಟು, ಕಿಟಕಿಯ ಪಕ್ಕ ಇಟ್ಟೆ. ಬೆಳಗ್ಗೆ ಎಂಟರ ಬಿಸಿಲು ಓರೆಯಾಗಿ ಬಿದ್ದಾಗ ಕಂಡಿತು. ದುಂಡಗೆ ಹರಿಯಬೇಕಾದ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಮುರಿದಿತ್ತು. ಪ್ರತಿ ಗೀರಿನ ಜಾಗದಲ್ಲಿ ಒಂದು ಸಣ್ಣ ಮಡಿಕೆ, ಎರಡು ಗೀರುಗಳ ನಡುವೆ ಚಪ್ಪಟೆ. ಇಪ್ಪತ್ತೆಂಟು ಗೀರನ್ನೂ ಎಣಿಸಬಹುದಿತ್ತು. ಬಣ್ಣ ಹೊಡೆಯುವ ಕೌಂಟರಿಗೆ ಈ ವಿಧಾನ ಸಾಕು, ಯಾಕೆಂದರೆ ಪುಟ್ಟಿ ಹಾಕಿ ತಿದ್ದಬಹುದು. ವೆನೀರಿಗೆ ಬೇಡ. ಆ ಪಟ್ಟಿಯನ್ನು ಬಿಚ್ಚಿಟ್ಟೆ.

ಎರಡನೆಯದು ಹಬೆ. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ 14ನೇ ನಂಬರಿನ ಕುರ್ಚಿ ತಂದಿತಲ್ಲ, ಹೋಟೆಲುಗಳಲ್ಲಿ ಈಗಲೂ ಕಾಣುವ ಬಾಗಿದ ಬೆನ್ನಿನ ಕುರ್ಚಿ, ಅದು ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದ್ದು. ಬಿಸಿ ಮತ್ತು ತೇವ ಎರಡೂ ಸೇರಿದರೆ ಮರದ ನಾರುಗಳನ್ನು ಹಿಡಿದಿಟ್ಟಿರುವ ಅಂಶ ಮೆತ್ತಗಾಗುತ್ತದೆ. ಒಂದಿಂಚು ದಪ್ಪಕ್ಕೆ ಒಂದು ಗಂಟೆ ಅನ್ನುವುದು ವಾಡಿಕೆಯ ಲೆಕ್ಕ. ಕುಕ್ಕರಿನ ವೆಯ್ಟ್ ತೆಗೆದು, ಅಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿ, ಉದ್ದನೆಯ ಪ್ಲೈವುಡ್ ಪೆಟ್ಟಿಗೆಗೆ ಹಬೆ ಬಿಟ್ಟೆ. ಪೆಟ್ಟಿಗೆಯ ಬಾಯಿ ಪೂರ್ತಿ ಮುಚ್ಚಬಾರದು, ಒಳಗೆ ಒತ್ತಡ ಕಟ್ಟಬಾರದು.

ತೇಗದ ಪಟ್ಟಿ ಮುಕ್ಕಾಲು ಗಂಟೆ ಬೆಂದಿತು. ಅಚ್ಚಿಗೆ ಸುತ್ತುವಾಗ ಮೂರನೇ ಕ್ಲಾಂಪಿಗೇ ಹೊರಮೈಯ ನಾರು ಟಪ್ ಅಂತ ಎದ್ದು ಸೀಳಿತು. ಎರಡನೆಯದೂ ಹಾಗೇ. ಅಂಗಡಿಯ ತೇಗ ಒಣಗಿಸಿ ಬಂದದ್ದು, ಬಾಗಿಸಲು ಹೇಳಿ ಮಾಡಿಸಿದ ಮರವೂ ಅಲ್ಲ. ಹೊರಮೈಗೆ ಸ್ಟೀಲ್ ಪಟ್ಟಿ ಕಟ್ಟಿ ಬಾಗಿಸಿದಾಗ ಮೂರನೆಯದು ಉಳಿಯಿತು. ಹೊರಮೈ ಹಿಗ್ಗಲು ಸ್ಟೀಲ್ ಬಿಡುವುದಿಲ್ಲ, ಒಳಮೈ ಕುಗ್ಗಲೇಬೇಕು, ಅದು ಗುಟ್ಟು. ಆದರೆ ಅಷ್ಟು ತೇವ ಕುಡಿದ ಮರ ಒಣಗಲು ವಾರಗಳೇ ಬೇಕು. ಹಸಿ ಇರುವಾಗಲೇ ವೆನೀರ್ ಹಾಕಿದರೆ ಕೆಳಗಿನ ಮರ ಕುಗ್ಗುತ್ತಾ ಮೇಲಿನ ಹಾಳೆಯನ್ನು ಎಳೆದು ಸುಕ್ಕು ಬರಿಸುತ್ತದೆ. ಮರವೇ ಕಾಣಬೇಕಾದ ಕುರ್ಚಿಗೆ ಹಬೆಗೆ ಸಾಟಿಯಿಲ್ಲ. ಮೇಲೆ ಹಾಳೆ ಹೊದಿಸುವ ಕೆಲಸಕ್ಕೆ ಇಷ್ಟು ಕಷ್ಟ ಯಾಕೆ ಅಲ್ವಾ?

ಮೂರನೆಯದು ಫ್ಲೆಕ್ಸಿ ಪ್ಲೈ. ಒಂದು ದಿಕ್ಕಿಗೆ ಚಾಪೆಯ ಹಾಗೆ ಸುತ್ತಿಕೊಳ್ಳುವ ಪ್ಲೈವುಡ್. 8 ಮಿ.ಮೀ.ನ ಎರಡು ಪದರ ಅಂಟಿಸಿ ಅಚ್ಚಿಗೆ ಕಟ್ಟಿದರೆ ರಾತ್ರಿ ಕಳೆಯುವುದರಲ್ಲಿ ಪಟ್ಟಿ ಸಿದ್ಧ. ಅವಸರದವರಿಗೆ ಇದೇ ಸರಿ. ಒಂದೇ ಕೊರತೆ, ಇದರ ಮೈ ಒರಟು, ಮೆತ್ತಗೆ. ನೇರವಾಗಿ ಬೀಟೆ ಹಾಕಿದರೆ ಅಲೆ ಅಲೆಯಾಗಿ ಕಾಣುತ್ತದೆ. ನಡುವೆ ಒಂದು ಸಾಧಾರಣ ವೆನೀರನ್ನು ಅಡ್ಡ ಎಳೆಯಾಗಿ ಹಾಕಿ, ಉಜ್ಜಿ, ಆಮೇಲೆ ಬೀಟೆ ಹಾಕಬೇಕು.

ನಾಲ್ಕನೆಯದು ತೆಳು ಪದರಗಳನ್ನು ಅಚ್ಚಿನ ಮೇಲೆ ಒಟ್ಟಿಗೆ ಅಂಟಿಸುವುದು. 2 ಮಿ.ಮೀ. ದಪ್ಪಕ್ಕೆ ಸೀಳಿಸಿದ ಸಿಲ್ವರ್ ಓಕ್ ಪಟ್ಟಿಗಳು ಒಂಬತ್ತು, ಎಲ್ಲಕ್ಕೂ ಅಂಟು ಬಳಿದು ಒಂದೇ ಸಲ ಕ್ಲಾಂಪ್ ಹಾಕಬೇಕು. ನನ್ನ ಬಳಿ ಹದಿನಾಲ್ಕು ಕ್ಲಾಂಪ್ ಇದ್ದವು, ಸಾಲಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಎಳೆದೆಳೆದು ಸುತ್ತಿದೆ. ಟ್ಯೂಬ್ ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ, ಬಾಗಿದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕ್ಲಾಂಪ್ ನಾನು ಕಂಡಿಲ್ಲ. ಮೈ ಕನ್ನಡಿಯ ಹಾಗೆ ನಯವಾಗಿ ಬಂತು. ಆದರೆ ಅಚ್ಚಿನಿಂದ ಬಿಡಿಸಿದಾಗ ಎರಡು ತುದಿಗಳ ನಡುವಿನ ಅಂತರ ಸುಮಾರು ಅರ್ಧ ಇಂಚು ಹಿಗ್ಗಿತು. ಮರ ತನ್ನ ಹಳೆಯ ನೇರಕ್ಕೆ ಹೋಗಲು ನೋಡುತ್ತದೆ. ಬಿಳಿ ಅಂಟು ಒಣಗಿದ ಮೇಲೂ ಭಾರಕ್ಕೆ ನಿಧಾನವಾಗಿ ಜಾರುತ್ತದೆ, ಎಪಾಕ್ಸಿಯಂಥ ಗಡುಸು ಅಂಟಿನಲ್ಲಿ ಇದು ಕಡಿಮೆ. ಅಚ್ಚನ್ನೇ ಸ್ವಲ್ಪ ಬಿಗಿಯಾಗಿ ಮಾಡಿಕೊಂಡರೆ ಸರಿಹೋಗುತ್ತದೆ, ಆದರೆ ಎಷ್ಟು ಬಿಗಿ ಅನ್ನುವುದು ಒಂದು ಪಟ್ಟಿ ಮಾಡಿ ನೋಡಿದ ಮೇಲೇ ಗೊತ್ತಾಗುವುದು.

ಇಷ್ಟರಲ್ಲಿ ನಮ್ಮ ಬೀದಿಯ ಆಚಾರ್ರು ಬಂದು ನೋಡಿದರು. “ಬಗ್ಗಿಸೋದ್ಯಾಕೆ ಸಾರ್? ಗಾಡಿ ಚಕ್ರ ಯಾರಾದ್ರೂ ಬಗ್ಗಿಸಿ ಮಾಡ್ತಾರಾ?” ಅಂದರು.

ನಿಜ. ಎತ್ತಿನ ಗಾಡಿಯ ಚಕ್ರದ ಸುತ್ತು ಬಾಗಿಸಿದ ಮರವಲ್ಲ. ಬಾಗಿದ ಆಕಾರಕ್ಕೆ ಕೊಯ್ದ ತುಂಡುಗಳನ್ನು ತುದಿಗೆ ತುದಿ ಕೂಡಿಸಿ, ಮೇಲೆ ಕಬ್ಬಿಣದ ಪಟ್ಟಾ ಬಿಗಿದದ್ದು. ನಮ್ಮ ಬಡಗಿಗಳ ಕೈಗೆ ಇದು ಹಳೆಯ ವಿದ್ಯೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಅರ್ಧಚಂದ್ರ ಮೇಜುಗಳಲ್ಲೂ ವೆನೀರಿನ ಕೆಳಗೆ ಹೀಗೆಯೇ ಮಾಡುತ್ತಿದ್ದರು, ತುಂಡುಗಳನ್ನು ಇಟ್ಟಿಗೆ ಗೋಡೆಯ ಹಾಗೆ ವರಸೆ ವರಸೆಯಾಗಿ ಜೋಡಿಸಿ.

ಐದನೆಯ ಪಟ್ಟಿ ಹಾಗೆ ಕಟ್ಟಿದೆ. ಒಂದಿಂಚು ದಪ್ಪದ ಐದು ವರಸೆ. ಅರ್ಧ ವೃತ್ತಕ್ಕೆ ಆರು ತುಂಡು, ಒಂದೊಂದೂ 30 ಡಿಗ್ರಿ, ಒಂಬತ್ತೂವರೆ ಇಂಚು ಉದ್ದ. ಎರಡಿಂಚು ಅಗಲದ ಚೂರು ಮರವೇ ಸಾಕು, ಮೂಲೆಯಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ತುಂಡುಗಳೆಲ್ಲ ಮುಗಿದವು. ಒಂದು ವರಸೆಯ ಸಂದಿಯ ಮೇಲೆ ಇನ್ನೊಂದು ವರಸೆಯ ತುಂಡಿನ ನಡುಭಾಗ ಬರಬೇಕು. ವರಸೆಗೆ ನಾಲ್ಕೈದು ಕ್ಲಾಂಪ್ ಸಾಕು, ಅಂಟು ಒಣಗಿದ ಮೇಲೆ ಮುಂದಿನ ವರಸೆ. ಕೊನೆಗೆ ಬಾಗಿದ ಅಡಿಯ ಕೀಸುಳಿಯಲ್ಲಿ ಹೆರೆದು, ತೆಳು ಹಲಗೆಗೆ ಸ್ಯಾಂಡ್ ಪೇಪರ್ ಅಂಟಿಸಿ ಉದ್ದಕ್ಕೂ ಉಜ್ಜಿದೆ. ಒಂದು ಕೂದಲಿನಷ್ಟೂ ಹಿಗ್ಗಲಿಲ್ಲ, ಯಾಕೆಂದರೆ ಇಲ್ಲಿ ಯಾವ ಮರವನ್ನೂ ಬಲವಂತ ಮಾಡಿಲ್ಲ.

ಇದರಲ್ಲೂ ಒಂದು ಎಚ್ಚರ ಬೇಕು. ನೇರ ಮರವನ್ನು ದುಂಡಗೆ ಕೊಯ್ದಾಗ ತುಂಡಿನ ತುದಿಗಳ ಹತ್ತಿರ ನಾರು ಅಡ್ಡ ಕಡಿದು, ಬಾಯಿ ತೆರೆದುಕೊಂಡಿರುತ್ತದೆ. ಆ ಜಾಗ ಅಂಟನ್ನು ಜಾಸ್ತಿ ಕುಡಿಯುತ್ತದೆ. ವೆನೀರಿಗೆ ಮೊದಲು ನೀರು ಬೆರೆಸಿದ ತೆಳು ಅಂಟನ್ನು ಒಂದು ಸಲ ಬಳಿದು, ಒಣಗಿಸಿ, ಉಜ್ಜಿ. ಕಟ್ಟಿದ ತಕ್ಷಣ ಹೆರೆಯಬೇಡಿ, ಎರಡು ವಾರ ಸುಮ್ನೆ ಬಿಡಿ. ಅಂಟಿನ ನೀರು ಆರುವಾಗ ಸಂದಿಗಳು ಸ್ವಲ್ಪ ಕುಸಿಯುತ್ತವೆ. ಆಮೇಲೆ ಹೆರೆದರೆ ಗೆರೆ ಮೇಲೆ ಕಾಣುವುದಿಲ್ಲ.

ಒಂದೇ ಮೇಜು ಮಾಡುವವರಿಗೆ ನಾನು ಈ ಇಟ್ಟಿಗೆ ವರಸೆಯನ್ನೇ ಹೇಳುತ್ತೇನೆ. ಒಂದೇ ಆಕಾರದ ನಾಲ್ಕೈದು ಪಟ್ಟಿ ಬೇಕಿದ್ದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ, ಆಗ ತೆಳು ಪದರವೇ ಮೇಲು.

ಇನ್ನು ಅಂಟಿಸುವುದು. ಸಂಪರ್ಕಕ್ಕೆ ಬಂದ ಕೂಡಲೇ ಹಿಡಿಯುವ ರಬ್ಬರ್ ಅಂಟು ಎಲ್ಲರಿಗೂ ಪ್ರಿಯ, ಯಾಕೆಂದರೆ ಕ್ಲಾಂಪೇ ಬೇಡ. ಆದರೆ ಒಮ್ಮೆ ಕೂತ ಹಾಳೆಯನ್ನು ಜರುಗಿಸಲಾಗದು. ನಾನು ಹೀಗೆ ಅಂಟಿಸಿದ ಒಂದು ತುಂಡನ್ನು ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಇಟ್ಟೆ. ಮೂರನೇ ದಿನ ಎರಡು ಕಡೆ ಗುಳ್ಳೆ ಎದ್ದಿತ್ತು. ಸನ್‌ಮೈಕಾ ತನ್ನ ಬಿಗಿಯಿಂದ ತಾನೇ ನಿಲ್ಲುತ್ತದೆ. ಬರೀ ಮರದ ವೆನೀರ್ ಹಾಳೆ ಋತುವಿಗೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ, ಅದನ್ನು ಹಿಡಿದಿಡಲು ಮೆತ್ತನೆಯ ಅಂಟಿಗೆ ಆಗುವುದಿಲ್ಲ.

ಎರಡನೆಯದು ಇಸ್ತ್ರಿ ಪೆಟ್ಟಿಗೆ. ಪಟ್ಟಿಗೂ ಹಾಳೆಗೂ ಬಿಳಿ ಅಂಟು ಬಳಿದು ಒಣಗಲು ಬಿಡಿ. ಆಮೇಲೆ ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಬಿಸಿಗೆ ಅಂಟು ಕರಗಿ ಕೂಡುತ್ತದೆ. ಬಿಸಿ ಇರುವಾಗಲೇ ಮರದ ತುಂಡಿನಿಂದ ಒತ್ತಿ ಎಳೆಯಬೇಕು. ಸುತ್ತುಪಟ್ಟಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಪಟ್ಟಿಯ ಸುತ್ತಳತೆ 56 ಇಂಚು ಚಿಲ್ಲರೆ, ಬೀಟೆಯ ಹಾಳೆ ಎಂಟಡಿ ಉದ್ದ, ಹಾಗಾಗಿ ನಡುವೆ ಎಲ್ಲೂ ಸಂದಿ ಇಲ್ಲ.

ಇದೇ ಧೈರ್ಯದ ಮೇಲೆ ಮೇಲ್ಹಲಗೆಗೂ ಇಸ್ತ್ರಿ ಹಾಕಿ ಕೆಟ್ಟೆ. ಬಿಸಿಗೆ ಹಾಳೆ ಒಣಗಿ ಕುಗ್ಗುತ್ತದೆ. ಎಂಟು ತುಂಡುಗಳ ಏಳು ಸಂದಿಯೂ ಕೂದಲೆಳೆಯಷ್ಟು ಬಿಟ್ಟುಕೊಂಡವು. ಸಂದಿ ಇಲ್ಲದಲ್ಲಿ ಇಸ್ತ್ರಿ, ಸಂದಿ ಇದ್ದಲ್ಲಿ ತಣ್ಣನೆಯ ಒತ್ತಡ. ಸೈಕಲ್ ಟ್ಯೂಬ್ ಸುತ್ತಿ ಒತ್ತುವುದೂ ಪಟ್ಟಿಗೆ ಆಗುತ್ತದೆ, ಆದರೆ ನಡುವೆ ಸನ್‌ಮೈಕಾ ಚೂರು ಇಡದಿದ್ದರೆ ಟ್ಯೂಬಿನ ಅಂಚು ಹಾಳೆಯ ಮೇಲೆ ಅಚ್ಚೊತ್ತುತ್ತದೆ.

ಚಪ್ಪಟೆ ಮೇಲ್ಹಲಗೆಗೆ ಕೊನೆಗೆ ಗೆದ್ದದ್ದು ಗೆಳೆಯರಿಂದ ಎರವಲು ತಂದ ವ್ಯಾಕ್ಯೂಮ್ ಚೀಲ. ಚೀಲದೊಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿಯೇ ಒತ್ತುತ್ತದೆ. ಮೈಸೂರಿನ ಎತ್ತರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 0.9 ಕೆ.ಜಿ. ನನ್ನ ಹಲಗೆಯ ಮೇಲ್ಮೈ 3,280 ಚದರ ಸೆಂ.ಮೀ. ಪಂಪ್ ಪೂರ್ತಿ ಎಳೆಯದಿದ್ದರೂ ಎರಡೂವರೆ ಟನ್ ಭಾರ, ಮೂಲೆ ಮೂಲೆಗೂ ಸಮವಾಗಿ. ಯಾವ ಕಲ್ಲು, ಯಾವ ಸಿಮೆಂಟ್ ಚೀಲ ಹೇರಿದರೂ ಇಷ್ಟು ಬರುವುದಿಲ್ಲ.

ಕಿರಣಗಳನ್ನು ಕತ್ತರಿಸುವುದರಲ್ಲೂ ಎರಡು ರೀತಿ ನೋಡಿದೆ. ಒಂದೊಂದನ್ನೇ 22.5 ಡಿಗ್ರಿಗೆ ಅಳೆದು ಕತ್ತರಿಸಿದಾಗ ತಲಾ ಅರ್ಧ ಡಿಗ್ರಿ ತಪ್ಪಿದ್ದಿರಬೇಕು. ಎಂಟಕ್ಕೆ ಸೇರಿ ನಾಲ್ಕು ಡಿಗ್ರಿ, ಹೊರ ಅಂಚಿನಲ್ಲಿ ಒಂದೂಕಾಲು ಇಂಚು ಬಿರುಕು. ಎರಡನೇ ಸಲ ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಬಂದ ಎಂಟು ಹಾಳೆಗಳನ್ನು ಎರಡು ಹಲಗೆಗಳ ನಡುವೆ ಬಿಗಿದು, ಅಂಚನ್ನು ಒಟ್ಟಿಗೇ ಹೆರೆದೆ. ಈಗ ತಪ್ಪಿದ್ದರೆ ಎಂಟರಲ್ಲೂ ಒಂದೇ ತಪ್ಪು, ಎರಡು ಅರ್ಧಗಳನ್ನು ಕೂಡಿಸುವ ಮೊದಲು ನಡುಗೆರೆಯಲ್ಲಿ ತಿದ್ದಿಕೊಳ್ಳಬಹುದು. ಪಕ್ಕಪಕ್ಕದ ಹಾಳೆಯನ್ನು ಪುಸ್ತಕ ತೆರೆದ ಹಾಗೆ ಮಗುಚಿದಾಗ ಬೀಟೆಯ ಕಪ್ಪು ಗೆರೆಗಳು ಎದುರು ಬದುರು ಬಂದು ಕೂಡಿದವು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನ ದಂತದ ಕೆತ್ತನೆ ನೋಡುತ್ತಾ ಬೆಳೆದವನು ನಾನು. ಅಲ್ಲಿ ಗಟ್ಟಿ ಮರವನ್ನು ಕೊರೆದು ದಂತ ಕೂರಿಸಿದ್ದಾರೆ, ಈ ಕೆಲಸ ಬೇರೆ. ಆದರೂ ಆ ಗೆರೆಗಳು ಕೂಡಿದ ಹೊತ್ತು ನನಗೆ ಆ ಬಾಗಿಲೇ ಕಣ್ಣ ಮುಂದೆ ಬಂತು.

ಹಲಗೆಯ ಅಡಿಗೂ ಪಟ್ಟಿಯ ಒಳಮೈಗೂ ಸಾಧಾರಣ ವೆನೀರ್ ಹಾಕಲೇಬೇಕು. ಒಂದೇ ಬದಿಗೆ ಹಾಕಿದರೆ ಹಲಗೆ ಆ ಕಡೆಗೆ ಸೊಟ್ಟಗಾಗುತ್ತದೆ. ಉಜ್ಜುವುದು ಕೈಯಲ್ಲೇ, 180ನೇ ನಂಬರಿನ ಸ್ಯಾಂಡ್ ಪೇಪರಿನಿಂದ ಶುರು. ನಾನು ಕೊನೆಯ ದಿನ ಹಲಗೆಯ ಅಂಚಿಗೆ ಮೆಷಿನ್ ಹಿಡಿದು, ಎಡ ಮೂಲೆಯಲ್ಲಿ ಕಡಲೆಕಾಳಿನಷ್ಟು ಜಾಗ ತಳದ ಪ್ಲೈವುಡ್ ಕಾಣುವವರೆಗೆ ಸವೆಸಿಬಿಟ್ಟೆ. ಉಳಿದ ಹಾಳೆಯಲ್ಲಿ ಅದೇ ಎಳೆ ಹುಡುಕಿ, ದೋಣಿಯಾಕಾರದ ತುಂಡು ಕತ್ತರಿಸಿ ಅಲ್ಲಿ ಕೂರಿಸಿದ್ದೇನೆ.