ಸಂಸೆಯಲ್ಲಿ ಎರಡು ಮಳೆಗಾಲ: ಕಾಟೇಜಿನ ಸೋಲಾರ್, ಮನೆಯ ಹಂಡೆ

ಕುದುರೆಮುಖ ಹತ್ತಲು ಹೊರಟವರು ಕಳಸ, ಸಂಸೆಯ ಆಸುಪಾಸಿನಲ್ಲಿ ಎಲ್ಲಿ ಉಳಿಯಬೇಕೆಂದು ಕೇಳಿದರೆ, ಮನೆಯವರೂ ಅದೇ ಸೂರಿನಡಿ ಇರುವ ಹೋಂಸ್ಟೇ ಹಿಡಿಯಿರಿ ಎನ್ನುತ್ತೇನೆ. ಹೋದ ಜುಲೈನಲ್ಲಿ ಗುಡ್ಡದ ಮೇಲಿನ ಕಾಟೇಜಿನಲ್ಲಿ ಉಳಿದಿದ್ದೆ. ಈ ಜುಲೈನಲ್ಲಿ ಉಳಿದದ್ದು ಅಡಿಕೆ ತೋಟದ ನಡುವಿನ ಹೆಂಚಿನ ಮನೆಯಲ್ಲಿ.

ಕಾಟೇಜಿನ ಕೋಣೆ ದೊಡ್ಡದು, ಕಿಟಕಿ ತೆರೆದರೆ ಮಂಜು. ಅದರಲ್ಲಿ ಕುಂದಿಲ್ಲ. ನನ್ನನ್ನು ಸೋಲಿಸಿದ್ದು ಬಿಸಿನೀರು. ಮುಳ್ಳೋಡಿಯಿಂದ 1,894 ಮೀಟರ್ ಎತ್ತರದ ಶಿಖರಕ್ಕೆ ಹೋಗಿ ಬರುವಷ್ಟರಲ್ಲಿ ಇಡೀ ದಿನ ಕಳೆದಿರುತ್ತದೆ. ಮಳೆಗಾಲದಲ್ಲಿ ಹಳ್ಳಗಳನ್ನು ದಾಟಿ ನಡೆದವರಿಗೆ ರೇನ್‌ಕೋಟಿನ ಒಳಗೂ ಒಣಗಿದ ಜಾಗ ಉಳಿಯುವುದಿಲ್ಲ. ನಡುಗುತ್ತ ಬಂದು ನಲ್ಲಿ ತಿರುಗಿಸಿದರೆ ಐಸಿನಂಥ ನೀರು. ದಿನವಿಡೀ ಬಿಸಿನೀರು ಎಂದು ಹೇಳಿಯೇ ದುಡ್ಡು ಪಡೆದಿದ್ದರು. ಆದರೆ ಅದು ಸೋಲಾರ್ ನೀರು, ಅಲ್ಲಿ ಬಿಸಿಲು ಬಿದ್ದು ನಾಲ್ಕು ದಿನವಾಗಿತ್ತು. ಗೀಸರ್ ಇತ್ತು, ಕರೆಂಟ್ ಇರಲಿಲ್ಲ. ಜನರೇಟರ್ ದೀಪಗಳಿಗೆ ಮಾತ್ರ. ಕೇಳಿ ಕೇಳಿ, ಒಂದು ಗಂಟೆಯ ಮೇಲೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ಬಂತು.

ಬಟ್ಟೆಯ ಪಾಡು ಇನ್ನೂ ಕಷ್ಟ. ಪರದೆಯ ಕಂಬಿಗೆ ನೇತುಹಾಕಿದ ಪ್ಯಾಂಟಿನಿಂದ ಬೆಳಗಿನವರೆಗೂ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಕಾಲುಚೀಲದಲ್ಲೇ ಬಸ್ ಹತ್ತಿದೆ. ಬೆಂಗಳೂರು ಮುಟ್ಟುವಾಗ ಜ್ವರ.

ಈ ಸಲ ಆ ಮನೆಯ ಅಂಗಳಕ್ಕೆ ಕಾಲಿಟ್ಟಾಗಲೇ ಹೊಗೆಯ ವಾಸನೆ ಬಂತು, ಜೀವ ಹಿಗ್ಗಿತು. ಬಚ್ಚಲಿನಲ್ಲಿ ಗೋಡೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆ. ಬುಡವೆಲ್ಲ ಮಸಿ, ಬಾಯಿಯ ಅಂಚು ಮಾತ್ರ ಹುಣಸೆಹಣ್ಣಿನಲ್ಲಿ ತಿಕ್ಕಿ ಕೆಂಪಗೆ ಹೊಳೆಯುತ್ತಿತ್ತು. ಕೆಳಗೆ ಅಡಿಕೆ ಸಿಪ್ಪೆಯ ಕೆಂಡ ಬೂದಿ ಮುಚ್ಚಿಕೊಂಡು ಉರಿಯುತ್ತಲೇ ಇತ್ತು. ಒಂದು ಚೊಂಬು ತೆಗೆದರೆ ಒಂದು ಚೊಂಬು ತಣ್ಣೀರು ಸುರಿಯಬೇಕು, ಅಷ್ಟೇ ನಿಯಮ. "ಒದ್ದೆಯದನ್ನೆಲ್ಲ ಇಲ್ಲಿ ಕೊಡು ಮಗಳೇ" ಎಂದು ಅಜ್ಜಿ ನನ್ನ ಬಟ್ಟೆಗಳನ್ನು ಹಂಡೆಯ ಮೇಲಿನ ಹಗ್ಗಕ್ಕೆ ಹರವಿದರು, ಶೂಗಳನ್ನು ಒಲೆಯ ಪಕ್ಕಕ್ಕೆ ಒರಗಿಸಿದರು. ಬೆಳಗ್ಗೆ ಎಲ್ಲವೂ ಗರಿಗರಿ. ಹೊಗೆಯ ವಾಸನೆ ಎರಡು ಒಗೆತಕ್ಕೂ ಹೋಗಲಿಲ್ಲ, ನನಗೆ ಅದರಿಂದ ತೊಂದರೆಯಿಲ್ಲ.

ಊಟದಲ್ಲಿ ಹೋಲಿಕೆಯೇ ಇಲ್ಲ. ಕಾಟೇಜಿನವರು ಗೋಬಿ, ನೂಡಲ್ಸ್ ಮಾಡಿಕೊಟ್ಟರು. ಮನೆಯಲ್ಲಿ ಕಳಲೆ ಪಲ್ಯ, ಪತ್ರೊಡೆ, ಬಿಸಿ ಕಡುಬಿನ ಮೇಲೆ ತುಪ್ಪ. ಆರು ಗಂಟೆಗೇ ಎದ್ದು ಕೂರುವ ನನಗೆ ಒಲೆಯ ಮುಂದೆ ಕಾಫಿ ಸಿಕ್ಕಿತು. ಕಾಟೇಜಿನಲ್ಲಿ ಎಂಟರವರೆಗೆ ಅಡುಗೆಮನೆ ತೆರೆಯುತ್ತಿರಲಿಲ್ಲ.

ರಕ್ತ ಹೀರುವ ಉಂಬಳದ (ಜಿಗಣೆ) ಕಾಟ ಎರಡೂ ಕಡೆ ಒಂದೇ, ಉಪ್ಪು ಜೊತೆಗಿರಲಿ. ಮೊಬೈಲ್ ನೆಟ್‌ವರ್ಕ್ ಎರಡೂ ಕಡೆ ನಂಬಬೇಡಿ.

ಕಾಟೇಜಿಗೆ ರಾತ್ರಿಗೆ 4,200 ರೂಪಾಯಿ ಕೊಟ್ಟಿದ್ದೆ, ಊಟ ಬೇರೆ. ಮನೆಯಲ್ಲಿ ಮೂರು ಹೊತ್ತಿನ ಊಟ ಸೇರಿ ತಲೆಗೆ 1,500. ಒಬ್ಬಳೇ ತಿರುಗುವ ನನ್ನಂಥವಳಿಗೆ ಇದು ದೊಡ್ಡ ವ್ಯತ್ಯಾಸ.

ಮನೆಯ ಶೌಚಾಲಯ ಮಾತ್ರ ಅಂಗಳ ದಾಟಿ, ಅದೂ ಕುಕ್ಕರುಗಾಲಿನದು. ಮಂಡಿನೋವಿರುವ ಅಪ್ಪನಿಗೆ ಅದು ಆಗದು. ಅವರನ್ನು ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಕರೆತರುವಾಗ ಕಾಟೇಜನ್ನೇ ಹಿಡಿಯುತ್ತೇನೆ, ಆದರೆ ಡಿಸೆಂಬರಿನಲ್ಲಿ. ಆಗ ಬಿಸಿಲಿರುತ್ತದೆ, ನೀರು ಕಾಯುತ್ತದೆ.