ನಾಟಾ ವ್ಯಾಪಾರಿಯ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ

ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರಾ? ಮನೆ ಸುತ್ತ ನಾಲ್ಕು ಒಳ್ಳೆ ಮರಗಳಿವೆಯಾ? ಹಾಗಿದ್ದರೆ ಇದನ್ನು ದಯವಿಟ್ಟು ಪೂರ್ತಿ ಓದಿ, ಅವರಿಗೂ ಓದಿ ಹೇಳಿ. ಮಲೆನಾಡಿನಲ್ಲಿರುವ ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮ ಮನೆಯಲ್ಲಿ ನಡೆಯಬಾರದು.

ಕೊಟ್ಟಿಗೆ ಪಕ್ಕದ ಹೆಬ್ಬಲಸಿನ ಮರ ಮಾಡಿನ ಕಡೆಗೆ ವಾಲಿತ್ತು. ಮಳೆಗಾಲ ಬಂತೆಂದರೆ ಅಮ್ಮನಿಗೆ ಅದೇ ಭಯ. ಅದನ್ನು ಎಲ್ಲೋ ಕೇಳಿಸಿಕೊಂಡ ಒಬ್ಬ ನಾಟಾ (ಮರಮುಟ್ಟು) ವ್ಯಾಪಾರಿ ಮನೆಗೇ ಬಂದ. "ಅಮ್ಮಾ, ಪರ್ಮಿಷನ್ ಎಲ್ಲ ನಮ್ ಜವಾಬ್ದಾರಿ. ನೀವೊಂದು ಸೈನ್ ಹಾಕಿ ಸಾಕು. ಕೊಟ್ಟಿಗೆ ಮೇಲೆ ಬಿದ್ರೆ ದನಗಳ ಗತಿ ಏನು?" ಅಂದ. ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡ. ಎರಡು ಖಾಲಿ ಕಾಗದಕ್ಕೆ ಅಮ್ಮನ ಸಹಿ ಹಾಕಿಸಿಕೊಂಡ. ಕೈಗೆ ಸ್ವಲ್ಪ ಮುಂಗಡವನ್ನೂ ಕೊಟ್ಟ.

ಆಮೇಲೆ ಅವನ ಕಡೆಯ ಹುಡುಗರು ಬಂದು ಕೆಂಪು ಪೇಂಟಿನಲ್ಲಿ ಮರಗಳ ಮೇಲೆ ನಂಬರ್ ಬರೆದರು. ಹೆಬ್ಬಲಸಿನ ಮೇಲೆ 1. ಬೇಲಿ ಸಾಲಿನ ಸಾಗುವಾನಿಗಳ ಮೇಲೆ 2, 3. ತೋಟದ ಮೇಲಿನ ಬೀಟೆ ಮರದ ಮೇಲೆ 4. ನಂಬರ್ ನೋಡಿ, ಅರಣ್ಯ ಇಲಾಖೆಯವರೇ ಗುರುತು ಹಾಕಿಸಿದ್ದಾರೆ ಎಂದು ಅಮ್ಮ ನಂಬಿದರು. ಯಾರಾದರೂ ನಂಬುತ್ತಾರೆ. ಹೆಬ್ಬಲಸು ಮಾತ್ರ ಅಲ್ವಾ ಎಂದು ಕೇಳಿದ್ದಕ್ಕೆ, "ಉಳಿದಿದ್ದು ಸುಮ್ನೆ ಲೆಕ್ಕಕ್ಕೆ" ಅಂದರಂತೆ.

ಸಾಲು ಸಾಲು ರಜೆ ಬಂದಾಗ ಬಂದು ನಾಲ್ಕನ್ನೂ ಕೆಡವಿದರು. ಬೀಟೆ ನಮ್ಮ ಅಜ್ಜನ ಕಾಲದ್ದು. ಬೀಟೆ ಎಷ್ಟು ನಿಧಾನವಾಗಿ ಬೆಳೆಯುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ನನ್ನ ಮಕ್ಕಳ ಕಾಲಕ್ಕೂ ಅಲ್ಲಿ ಅಂಥ ಮರ ಬರುವುದಿಲ್ಲ. ಆಮೇಲೆ ಬಿದ್ದ ಕೇಸಿಗಿಂತ ಜಾಸ್ತಿ ನೋವು ನನಗೆ ಅದೇ.

ರಾತ್ರಿ ನಾಟಾ ಸಾಗಿಸುವಾಗ ಲಾರಿ ಸಿಕ್ಕಿಬಿತ್ತು. ಸಾಗಣೆಯ ಪಾಸ್ ಇಲ್ಲ, ದಿಮ್ಮಿಗಳ ಮೇಲೆ ಇಲಾಖೆಯವರು ಸುತ್ತಿಗೆಯಿಂದ ಒತ್ತುವ ಗುರುತೂ ಇಲ್ಲ. ವ್ಯಾಪಾರಿ ತೋರಿಸಿದ್ದು ಅಮ್ಮನ ಸಹಿಯಿದ್ದ ಕಾಗದವನ್ನು. ಖಾಲಿ ಜಾಗದಲ್ಲಿ ಈಗ ಬರಹ ತುಂಬಿತ್ತು: ನಾಲ್ಕು ಮರ ಮಾರಿದ್ದೇನೆ, ಪರವಾನಗಿ ಪಡೆಯುವ ಹೊಣೆ ನನ್ನದೇ ಎಂದು. ಗಾರ್ಡ್, ಫಾರೆಸ್ಟರ್ ಮನೆಗೆ ಬಂದು, ಬೊಡ್ಡೆಗಳ ಸುತ್ತಳತೆ ತೆಗೆದು ಮಹಜರು ಮಾಡಿದರು. ಜಮೀನು ಅಮ್ಮನ ಹೆಸರಲ್ಲಿದೆ. ಹಾಗಾಗಿ ಕೇಸಿನಲ್ಲಿ ಮೊದಲ ಹೆಸರೂ ಅವರದೇ. ನಾಟಾ ಜಪ್ತಿಯಾಯಿತು. ಅಮ್ಮ ಈ ವಯಸ್ಸಿನಲ್ಲಿ ವಕೀಲರ ಮನೆಗೆ ಅಲೆಯುತ್ತಿದ್ದಾರೆ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ 8ನೇ ಕಲಮಿನ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ, ಅಂದರೆ ಅದಕ್ಕೆಂದೇ ನೇಮಿಸಿದ ಅರಣ್ಯ ಅಧಿಕಾರಿಯ, ಅನುಮತಿ ಬೇಕು. ಆದರೆ ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಅನುಮತಿ ನಿರಾಕರಿಸಬಾರದು ಎಂದೂ ಅದೇ ಕಲಂ ಹೇಳುತ್ತದೆ. ಅಂದರೆ ವಾಲಿದ್ದ ಹೆಬ್ಬಲಸಿಗೆ ನೇರ ದಾರಿಯೇ ಇತ್ತು! ಒಂದು ಅರ್ಜಿ, ಪಹಣಿ, ಮರದ ಒಂದು ಫೋಟೋ ಹಿಡಿದು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿದ್ದರೆ ಯಾವ ವ್ಯಾಪಾರಿಯೂ ಬೇಕಿರಲಿಲ್ಲ. ಕಡಿದದ್ದಕ್ಕೆ ಬದಲಾಗಿ ಗಿಡ ನೆಡಬೇಕೆಂಬ ಷರತ್ತು ಹಾಕುತ್ತಾರೆ. ಅದು ನ್ಯಾಯವಾದದ್ದೇ.

"ಸಿಲ್ವರ್ ಓಕಿಗೆ ಯಾರ ಪರ್ಮಿಷನ್ನೂ ಬೇಡ, ಇದಕ್ಯಾಕೆ?" ಅಂತ ಆ ವ್ಯಾಪಾರಿ ಅಮ್ಮನ ಬಾಯಿ ಮುಚ್ಚಿಸಿದ್ದ. ಈ ಮಾತು ಅರ್ಧ ನಿಜ, ಅದಕ್ಕೇ ಅಪಾಯ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಥರದ ಕೆಲವಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸಾಗುವಾನಿ, ಬೀಟೆಯ ವಿಷಯ ಬೇರೆ. ಶ್ರೀಗಂಧದ ಮರವಂತೂ ನಿಮ್ಮದೇ ಆಗಿದ್ದರೂ ಕೇಳದೆ ಮುಟ್ಟುವ ಹಾಗಿಲ್ಲ. ಬರೀ ಕೊಂಬೆ ತಾನೇ ಅನ್ನಬೇಡಿ. ಸುಡುವುದು, ಯಾವುದೇ ರೀತಿ ಮರಕ್ಕೆ ಹಾನಿ ಮಾಡುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಕಡಿತವೇ. ಸೊಪ್ಪಿನ ಬೆಟ್ಟದಲ್ಲಿ (ಸೊಪ್ಪು ತರಲು ರೈತರಿಗೆ ಬಿಟ್ಟ ಸರ್ಕಾರಿ ಜಾಗದಲ್ಲಿ) ನಿಂತ ಮರವನ್ನು ನಮ್ಮದೆಂದು ಮಾರಲಿಕ್ಕೂ ಬರುವುದಿಲ್ಲ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಹಳೇ ಮರಗಳ ಬೆಲೆ ಸರ್ಕಾರಕ್ಕೆ ಕಟ್ಟಿದೆಯೇ ಅಂತ ಮೊದಲು ವಿಚಾರಿಸಿ.

ವ್ಯಾಪಾರಿ ಅನುಮತಿ ಮಾಡಿಸುತ್ತೇನೆ ಎಂದರೆ, ಆ ಅನುಮತಿ ಪತ್ರ ನಿಮ್ಮ ಕೈಗೆ ಬರುವ ತನಕ ಗರಗಸ ಅಂಗಳಕ್ಕೆ ಬರಬಾರದು. ಪತ್ರದಲ್ಲಿ ನಿಮ್ಮ ಸರ್ವೆ ನಂಬರ್, ಮರದ ಜಾತಿ, ಸಂಖ್ಯೆ ಇದೆಯಾ ನೋಡಿ. ಅದೇ ಪತ್ರ ಹಿಡಿದು ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿ. ಪೇಂಟಿನ ನಂಬರನ್ನು ಯಾರು ಬೇಕಾದರೂ ಬರೆಯಬಹುದು. ಪಹಣಿ, ಆಧಾರ್ ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಬರೆಯಿರಿ: ಯಾವ ಕೆಲಸಕ್ಕೆ, ಯಾವ ಒಂದು ಮರಕ್ಕೆ, ಯಾವ ತಾರೀಖು.

ಈಗಾಗಲೇ ಯಾರಾದರೂ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದಾರಾ? ಮರಕ್ಕೆ ಕೈ ಹಾಕುವ ಮೊದಲೇ, ನಾಳೆ ಬೆಳಿಗ್ಗೆಯೇ ಹೋಗಿ ರೇಂಜ್ ಆಫೀಸಿಗೆ ಬರೆದು ಕೊಡಿ. ನಾನು ಯಾವ ಮರವನ್ನೂ ಕಡಿಯಲು ಒಪ್ಪಿಲ್ಲ ಅಂತ ಸ್ಪಷ್ಟವಾಗಿರಲಿ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.